ವಾಗ್ದಾನದ ಕಾರ್ಡೂ ಯೆರೆಮೀಯನ ಪತ್ರವೂ

ವಿಶ್ವಾಸ, ಪ್ರಾರ್ಥನೆ, ಸತ್ಯವೇದದ ಓದು ಕುರಿತ ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಭಾಪಾಲಕರ ಉತ್ತರ

ಪ್ರಶ್ನೆ: ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ನನಗೆ ಸಿಕ್ಕಿದ ವಾಗ್ದಾನದ ಕಾರ್ಡಿನಲ್ಲಿ (ಹೊಸ ವರ್ಷಕ್ಕೆಂದು ಚೀಟಿಯಂತೆ ಎತ್ತುವ ಸತ್ಯವೇದ ವಚನದ ಕಾರ್ಡು) ಯೆರೆಮೀಯ 29:11 ಇತ್ತು. ದೇವರು ನಮ್ಮ ವಿಷಯದಲ್ಲಿ ಹಿತವನ್ನೇ ಯೋಚಿಸುತ್ತಾನೆ ಎಂಬ ವಚನ. ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿಕೊಂಡೆ. ಮಾರ್ಚಿನಲ್ಲಿ ಯಜಮಾನರ ಕೆಲಸ ಹೋಯಿತು. ಜೂನಿನಲ್ಲಿ ಮಗಳಿಗೆ ಬೇಕಾದ ಸೀಟು ಸಿಗಲಿಲ್ಲ. ಈಗ ದಿನವೂ ಮೊಬೈಲಿಗೆ ಬರುವ ವಚನ ನೋಡಿದರೆ ಸಿಟ್ಟು ಬರುತ್ತದೆ. ನನ್ನ ವಿಶ್ವಾಸದಲ್ಲಿ ಏನಾದರೂ ಕೊರತೆಯೇ ಅಯ್ಯನವರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ವಿಶ್ವಾಸದಲ್ಲಿ ನನಗೇನೂ ಕೊರತೆ ಕಾಣುವುದಿಲ್ಲ, ತಾಯಿ. ಕೊರತೆ ಇರುವುದು ಕಾರ್ಡಿನ ಅಳತೆಯಲ್ಲಿ. ಅಂಗೈಯಗಲದ ರಟ್ಟಿನಲ್ಲಿ ಒಂದು ವಚನಕ್ಕಷ್ಟೇ ಜಾಗ. ಪ್ರವಾದಿ ಯೆರೆಮೀಯನು ಬರೆದದ್ದು ಒಂದು ಇಡೀ ಪತ್ರ.

ಆ ಪತ್ರ ಯಾರ ಕೈ ಸೇರಿತು ನೋಡಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಕಮ್ಮಾರರು, ಕಸುಬುದಾರರನ್ನೂ ಸೆರೆ ಒಯ್ದಿದ್ದ. ಪತ್ರ ಹೋದದ್ದು ಆ ಸೆರೆಯಾಳುಗಳಿಗೆ. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆ ಎಂದು ಸಾರಿದ್ದು 28ನೆಯ ಅಧ್ಯಾಯದಲ್ಲಿದೆ. ಯಾರಿಗೆ ತಾನೇ ಆ ಮಾತು ಬೇಡ? ಯೆರೆಮೀಯನ ಪತ್ರದ ಧಾಟಿಯೇ ಬೇರೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ ಎನ್ನುತ್ತದೆ ಅದು. ಬಿಡುಗಡೆಗೆ ಎಪ್ಪತ್ತು ವರ್ಷ ಎಂದು ಹತ್ತನೆಯ ವಚನ ಹೇಳುತ್ತದೆ. ನಿಮ್ಮ ಕಾರ್ಡಿನ ಮಾತು ಬರುವುದು ಅದರ ಬೆನ್ನಿಗೇ. ಪತ್ರ ತಲುಪುವ ಹೊತ್ತಿಗೆ ನಡುವಯಸ್ಸು ದಾಟಿದ್ದವರು ಊರಿಗೆ ಮರಳುವಂತಿರಲಿಲ್ಲ.

ಹಾಗಾದರೆ ಅವರಿಗೆ ಸಿಕ್ಕ ಸಮಾಧಾನವೇನು? ದೇವರು ಅವರ ಕಷ್ಟವನ್ನು ಚಿಕ್ಕದೆನ್ನಲಿಲ್ಲ, ಸುಳ್ಳು ಗಡುವು ಕೊಡಲಿಲ್ಲ, ಆ ಕಷ್ಟದ ನಡುವೆಯೇ ಗಿಡ ನೆಡಲು ಹೇಳಿದ. ಸಂಬಳ ನಿಂತ ಮನೆಯಲ್ಲಿ ಕಾರ್ಡಿಗಿಂತ ಈ ಪತ್ರಕ್ಕೇ ಕಸುವು ಹೆಚ್ಚು ಎಂಬುದು ನನ್ನ ಅನುಭವ.

ವಚನ ಎತ್ತುವ ಪದ್ಧತಿಯನ್ನು ನಾನು ಹೀಗಳೆಯುವವನಲ್ಲ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರಾವಿಯನ್ ಸಭೆಯವರು 1731ರಿಂದ ದಿನಕ್ಕೊಂದು ವಚನದ ಪುಸ್ತಕವನ್ನು ಅಚ್ಚು ಹಾಕಿಸುತ್ತಾ ಬಂದಿದ್ದಾರೆ. ಹಳೆಯ ಒಡಂಬಡಿಕೆಯ ವಚನವನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ಆಮೇಲೆ ಕುಳಿತು ಓದಿ, ಯೋಚಿಸಿ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಹುಡುಕುತ್ತಾರೆ. ನಮ್ಮಲ್ಲಿ ನಡೆಯುವುದು ಮೊದಲರ್ಧ ಮಾತ್ರ. ದಿನದ ವಚನ ದಿನಭವಿಷ್ಯದಂತಾಗಿರುವುದು ಹೀಗೆಯೇ.

ಇನ್ನು ಸಿಟ್ಟು. ಅದನ್ನು ದೇವರಿಂದ ಬಚ್ಚಿಡಬೇಡಿ. 13ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಇರುವುದು ಆರೇ ವಚನ, ಮೊದಲೆರಡರಲ್ಲೇ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ ಕೀರ್ತನೆಗಾರ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಾದರೂ ಇಂಥ ಗೋಳಿನವೇ. ಕಾರ್ಡು ಅಚ್ಚು ಹಾಕಿಸುವವರ ಕಣ್ಣಿಗೆ ಅವು ಬೀಳುವುದಿಲ್ಲ, ಅಷ್ಟೆ. ನಾಳೆ ಮೊಬೈಲಿಗೆ ವಚನ ಬಂದಾಗ ಸತ್ಯವೇದ ತೆಗೆದು ಅದರ ಹಿಂದುಮುಂದಿನ ಹತ್ತು ವಚನಗಳನ್ನು ಓದಿ ನೋಡಿ. ಯಾರು, ಯಾರಿಗೆ, ಯಾವ ಸಂಕಟದಲ್ಲಿ ಹೇಳಿದರು ಎಂದು ಕೇಳಿಕೊಳ್ಳಿ. ಪುರುಸೊತ್ತಿಲ್ಲದ ದಿನ ಬಿಟ್ಟುಬಿಡಿ, ಪಾಪವೇನೂ ಇಲ್ಲ.

ಪ್ರಶ್ನೆ: ದುಬೈಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಹುಬ್ಬಳ್ಳಿಯಲ್ಲಿ ತಂದೆ ಒಬ್ಬರೇ ಇದ್ದಾರೆ, ವಯಸ್ಸಾಗಿದೆ. ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಆದಿಕಾಂಡ 12:1, ಸ್ವದೇಶವನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ಮಾತು. ಇದನ್ನೇ ಉತ್ತರವೆಂದು ತಿಳಿಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಬೆರಳು ಅದೇ ಅಧ್ಯಾಯದಲ್ಲಿ ಇನ್ನಷ್ಟು ಕೆಳಗೆ ಬಿದ್ದಿದ್ದರೆ, ಅದೇ ಅಬ್ರಾಮನು ಐಗುಪ್ತದಲ್ಲಿ ಜೀವಭಯಕ್ಕೆ ಹೆಂಡತಿಯನ್ನು ತಂಗಿ ಎಂದು ಹೇಳಿಸುವ ಭಾಗ ಸಿಗುತ್ತಿತ್ತು. ಅದನ್ನೂ ಪಾಲಿಸುತ್ತಿದ್ದಿರಾ?

ಅಪೊಸ್ತಲರೂ ಒಮ್ಮೆ ಚೀಟು ಹಾಕಿ, ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದುಂಟು. ಅದು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ. ಪವಿತ್ರಾತ್ಮನು ಇಳಿದು ಬಂದ ಮೇಲೆ ಆ ಪುಸ್ತಕದಲ್ಲಿ ಅವರು ಮತ್ತೆ ಚೀಟು ಹಾಕುವುದು ಕಾಣುವುದಿಲ್ಲ. 15ನೆಯ ಅಧ್ಯಾಯದಲ್ಲಿ ದೊಡ್ಡ ತಕರಾರು ಬಂದಾಗ ಯೆರೂಸಲೇಮಿನಲ್ಲಿ ಕೂಡಿ ವಾದ ಮಾಡಿದರು, ಪೇತ್ರ ಪೌಲರ ಅನುಭವ ಕೇಳಿದರು, ಶಾಸ್ತ್ರ ನೋಡಿದರು. ಕೊನೆಗೆ, ಪವಿತ್ರಾತ್ಮನಿಗೂ ನಮಗೂ ಇದು ಸರಿಯೆಂದು ತೋರಿತು ಎಂದು ಬರೆದು ಕಳುಹಿಸಿದರು. ‘ನಮಗೂ’ ಎನ್ನಲು ಅವರು ಅಂಜಲಿಲ್ಲ.

ನೀವು ಓದಬೇಕಾದ ಇನ್ನೊಂದು ಭಾಗ ಮಾರ್ಕ 7:9ರಿಂದ 13. ಹೆತ್ತವರಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಬಲವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹೋಗಬೇಡಿ ಎಂದು ಹೇಳುತ್ತಿಲ್ಲ. ಮೊದಲು ತಂದೆಯವರ ಎದುರು ಕುಳಿತು ಮಾತನಾಡಿ. ಔಷಧ, ಆಸ್ಪತ್ರೆ, ರಾತ್ರಿ ಹೊತ್ತು ಜೊತೆಗೆ ಯಾರು ಎಂಬುದು ತೀರ್ಮಾನವಾಗದೆ ಟಿಕೆಟ್ ತೆಗೆಯಬೇಡಿ.

ಪ್ರಶ್ನೆ: ಎರಡು ತಿಂಗಳಿಂದ ನಿದ್ರೆಯಿಲ್ಲ, ಊಟ ಸೇರುವುದಿಲ್ಲ. ಬೈಬಲ್ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಸಾಯಬೇಕೆನಿಸುತ್ತದೆ. ನಾನು ಮಾಡುವ ಪ್ರಾರ್ಥನೆ ಕಡಿಮೆಯಾದದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ಬಂಧುಗಳು.
– ಹೆಸರು, ಊರು ಬೇಡ

ಉತ್ತರ: ಇಂದೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರಲ್ಲಿ ಒಬ್ಬರಿಗಾದರೂ ಈಗಲೇ ವಿಷಯ ತಿಳಿಸಿ, ತಡಮಾಡದೆ ವೈದ್ಯರನ್ನು ಕಾಣಿ.

ಅರಸುಗಳು ಪ್ರಥಮ ಭಾಗ 19ರಲ್ಲಿ ಪ್ರವಾದಿ ಎಲೀಯನು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಆಗತಾನೇ ಕಂಡವನು ಅವನು, ವಿಶ್ವಾಸ ಸಾಲದೆಂದು ಯಾರು ಹೇಳಿಯಾರು? ದೇವದೂತನು ಬೋಧನೆ ಮಾಡಲಿಲ್ಲ. ಎದ್ದು ತಿನ್ನು ಎಂದ. ತಲೆಯ ಬಳಿ ಕೆಂಡದಲ್ಲಿ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ.

ನಿಮಗೆ ಈಗ ಓದಲಾಗದಿದ್ದರೆ ಬೇಡ. ಮನೆಯವರು ಪಕ್ಕದಲ್ಲಿ ಕುಳಿತು ಒಂದು ಕೀರ್ತನೆ ಓದಲಿ, ನೀವು ಕೇಳುತ್ತಾ ಮಲಗಿ. ನಿಮ್ಮ ಪ್ರಾರ್ಥನೆ ಕಡಿಮೆಯಾಯಿತು ಎಂದ ಬಂಧುಗಳಿಗೆ ಈ ಅಧ್ಯಾಯ ತೋರಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಬರಲು ಹೇಳಿ.