ತಿಂಗಳ ಕೊನೆಯ ವಾರದಲ್ಲಿ ಇಳಿಯುವ ಶುಗರ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿ ಐವತ್ತರ ಆಚೀಚಿನ ಮಹಿಳೆ. ಟೈಪ್ 2 ಮಧುಮೇಹ ಶುರುವಾಗಿ ಒಂಬತ್ತು ವರ್ಷ. ಬೆಳಗಿನ ಜಾವವೇ ಹೋಗಿ ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ಮನೆಯಲ್ಲಿ ಮಗಳು, ಮೊಮ್ಮಗು. ಸಂಬಳ ಬರುವುದು ತಿಂಗಳ ಆರಂಭದಲ್ಲಿ, ಫುಡ್ ಬ್ಯಾಂಕಿನ (ಕಷ್ಟದಲ್ಲಿರುವ ಮನೆಗಳಿಗೆ ಉಚಿತವಾಗಿ ದಿನಸಿ ಹಂಚುವ ಸಂಸ್ಥೆಯ) ಕಿಟ್ ಸಿಗುವುದೂ ಅದೇ ವಾರ. ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ದಿನಕ್ಕೆರಡು ಸಲ, ಗ್ಲಿಮೆಪಿರೈಡ್ 4 ಮಿ.ಗ್ರಾಂ ಬೆಳಿಗ್ಗೆ. ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ) ಶೇ. 9.4. ಕ್ಲಿನಿಕ್ಕಿನ ಚೀಟಿಯಲ್ಲಿ ಬರೆದದ್ದು ಇಷ್ಟೇ: "ಪಥ್ಯ ಪಾಲಿಸುತ್ತಿಲ್ಲ, ಸಲಹೆ ಕೊಡಿ."

ಪಥ್ಯದ ಮಾತು ಎತ್ತುವ ಮೊದಲು ಎರಡು ಪ್ರಶ್ನೆ ಕೇಳಲೇಬೇಕು. ಕಳೆದ 12 ತಿಂಗಳಲ್ಲಿ, ಕೈಗೆ ದುಡ್ಡು ಬರುವ ಮೊದಲೇ ಮನೆಯ ದಿನಸಿ ಮುಗಿದುಹೋದೀತು ಎಂಬ ಚಿಂತೆ ಆಗಿತ್ತೇ? ತಂದದ್ದು ಸಾಲದೆ ಹೋಗಿ, ಮತ್ತೆ ತರಲು ದುಡ್ಡಿಲ್ಲದ ಸ್ಥಿತಿ ಬಂದಿತ್ತೇ? ಯಾವುದಾದರೂ ಒಂದಕ್ಕೆ "ಆಗಾಗ" ಅಥವಾ "ಕೆಲವೊಮ್ಮೆ" ಎಂಬ ಉತ್ತರ ಬಂದರೂ ಸಾಕು, ಆಹಾರದ ಅಭದ್ರತೆ ಇದೆ ಎಂದು ಹಿಡಿಯಬಹುದು. ಇವರು ಎರಡಕ್ಕೂ "ಆಗಾಗ" ಎಂದರು. "ಮನೇಲಿ ಅಕ್ಕಿ ಇಲ್ಲ ಅಂತ ಡಾಕ್ಟರ ಮುಂದೆ ಹೇಳೋಕೆ ಬಾಯಿ ಬರಲ್ಲ ಮೇಡಂ. ಅವರು ಕೇಳೋದು ಸಿಹಿ ತಿಂದ್ರಾ ಅಂತ ಮಾತ್ರ" ಎಂದೂ ಸೇರಿಸಿದರು.

ಗ್ಲುಕೋಮೀಟರಿನಲ್ಲಿ ಉಳಿದಿದ್ದ ಹಳೆಯ ರೀಡಿಂಗುಗಳನ್ನು ಕ್ಯಾಲೆಂಡರಿನ ಮೇಲೆ ಬರೆದಾಗ ಸಂಗತಿ ಬಯಲಾಯಿತು. ಮೊದಲ ವಾರ 240ರಿಂದ 290. ಕೊನೆಯ ವಾರ 58, 64, 61, ಎಲ್ಲವೂ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ. ಕೊನೆಯ ವಾರದಲ್ಲಿ ಅವರು ಬೆಳಿಗ್ಗೆ ಐದಕ್ಕೆ ಬರೀ ಕಾಫಿಯ ಜೊತೆ ಮಾತ್ರೆ ನುಂಗಿ ಹೊರಡುತ್ತಾರೆ, ಮೊದಲ ತುತ್ತು ಮಧ್ಯಾಹ್ನ ಒಂದಕ್ಕೆ. ಗ್ಲಿಮೆಪಿರೈಡ್ ಹೊಟ್ಟೆ ತುಂಬಿದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ಇಷ್ಟು ಇಳಿಯುವುದು ಅಪರೂಪ.

ಇನ್ನೊಂದು ಎಳೆ ಇದಕ್ಕಿಂತ ಮುಖ್ಯ. ಬಸ್ಸಿಗೆ ದುಡ್ಡಿರುವುದು ಸಂಬಳವಾದ ಮೇಲೆ, ಹಾಗಾಗಿ ಅವರು ಕ್ಲಿನಿಕ್ಕಿಗೆ ಹೋಗುವುದು ಯಾವಾಗಲೂ ಮೊದಲ ವಾರ. ಅಲ್ಲಿ ಕಂಡದ್ದು ಏರಿದ ಶುಗರ್ ಮಾತ್ರ. ಅದನ್ನು ನೋಡಿ ಗ್ಲಿಮೆಪಿರೈಡ್ 2ರಿಂದ 4 ಮಿ.ಗ್ರಾಂಗೆ ಏರಿತು. ಏರಿದ ಡೋಸ್ ಕೊನೆಯ ವಾರದ ಖಾಲಿ ಹೊಟ್ಟೆಯ ಮೇಲೆ ಬಿತ್ತು. ಕೈ ನಡುಗಿ ಬೆವರಿದಾಗ ಸಿಕ್ಕ ಜ್ಯೂಸು, ಬಿಸ್ಕತ್ತಿನ ಇಡೀ ಪ್ಯಾಕು ಖಾಲಿಯಾಗಿ, ಸಂಜೆಗೆ ಶುಗರ್ ಮತ್ತೆ 260. ಸರಾಸರಿ ತೋರಿಸುವ ಎಚ್‌ಬಿಎ1ಸಿಯಲ್ಲಿ ಈ ಏರಿಳಿತ ಕಾಣುವುದೇ ಇಲ್ಲ. ಇದು ಇವರೊಬ್ಬರ ಕಥೆಯಲ್ಲ. ಕ್ಯಾಲಿಫೋರ್ನಿಯಾದ 2000ರಿಂದ 2008ರವರೆಗಿನ ಆಸ್ಪತ್ರೆ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲಿ, ಶುಗರ್ ಇಳಿದು ದಾಖಲಾಗುವ ಬಡವರ ಪ್ರಮಾಣ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ. 27 ಹೆಚ್ಚಿತ್ತು. ಅನುಕೂಲಸ್ಥರಲ್ಲಿ ಆ ಏರಿಕೆ ಕಾಣಲಿಲ್ಲ.

ಕೊಟ್ಟ ಸಲಹೆ

ಮೊದಲು ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳುವುದು. ಶುಗರ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆ: ಮಟ್ಟಸವಾಗಿ ತುಂಬಿದ ನಾಲ್ಕು ಟೀ ಚಮಚ ನೀರಿನಲ್ಲಿ ಕದಡಿ, ಅಥವಾ ಅರ್ಧ ಕಪ್ (120 ಮಿ.ಲೀ.) ಜ್ಯೂಸ್. ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ. 70 ದಾಟಿದ ಮೇಲೆ ಬ್ರೆಡ್ಡಿನ ಒಂದು ಹೋಳು, ಒಂದು ಹಿಡಿ ಕಡಲೆಕಾಯಿ ಬೀಜ. ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಚಾಕಲೇಟ್ ಈ ಕೆಲಸಕ್ಕೆ ಬಾರದು, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಸ್ಟ್ರಿಪ್ ಇಲ್ಲದಿದ್ದರೆ ಪರೀಕ್ಷೆಗೆ ಕಾಯದೆ, ನಡುಕ, ಬೆವರು ಕಂಡೊಡನೆ ಸಕ್ಕರೆ ತೆಗೆದುಕೊಳ್ಳುವುದು. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಇದನ್ನು ಮಗಳಿಗೇ ಹೇಳಿಕೊಟ್ಟೆವು. ಸಕ್ಕರೆಯ ನಾಲ್ಕು ಚಮಚದ ಪೊಟ್ಟಣ ಕಟ್ಟಿ ಕೆಲಸದ ಚೀಲದಲ್ಲಿ ಎರಡು ಇಟ್ಟುಕೊಳ್ಳಲು ಸೂಚಿಸಿದೆವು.

ಮಾತ್ರೆಯ ಡೋಸ್ ಮುಟ್ಟುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ವೈದ್ಯರಿಗೆ ಪತ್ರ ಬರೆಯುವುದು ಖಂಡಿತ ನಮ್ಮ ಕೆಲಸ. ಪತ್ರದಲ್ಲಿ ವಿವರಣೆ ಬೇಡ, ನಾಲ್ಕು ಸಾಲು ಸಾಕು: ಶುಗರ್ ಇಳಿದ ದಿನಾಂಕ, ಗಂಟೆ, ರೀಡಿಂಗ್, ಕೊನೆಯ ಊಟದ ಹೊತ್ತು. ಕೆಳಗೆ ಎರಡು ಪ್ರಶ್ನೆ. ಶುಗರ್ ಇಳಿಸುವ ಅಪಾಯ ಕಡಿಮೆಯಿರುವ ಬೇರೆ ಮಾತ್ರೆ ಆದೀತೇ? ತಿನ್ನಲು ಏನೂ ಇಲ್ಲದ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು? ವೈದ್ಯರು ಗ್ಲಿಮೆಪಿರೈಡನ್ನು 1 ಮಿ.ಗ್ರಾಂಗೆ ಇಳಿಸಿ, "ಮೊದಲ ಊಟದ ಜೊತೆ, ಊಟವಿಲ್ಲದಿದ್ದರೆ ಈ ಮಾತ್ರೆ ಇಲ್ಲ" ಎಂದು ಬರೆದುಕೊಟ್ಟರು. ಈ ಸೂಚನೆಯನ್ನು ಬೇರೆಯವರು ನಕಲು ಮಾಡಕೂಡದು. ಟೈಪ್ 1 ಇರುವವರು ಊಟ ಬಿಟ್ಟರೂ ದೀರ್ಘಕಾಲಿಕ ಇನ್ಸುಲಿನ್ ಬಿಡುವಂತಿಲ್ಲ. ಡಾಪಾಗ್ಲಿಫ್ಲೋಜಿನ್ ಜಾತಿಯ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ) ಮಾತ್ರೆ ನುಂಗುತ್ತ ಉಪವಾಸ ಬಿದ್ದರೆ, ಶುಗರ್ ಅಷ್ಟೇನೂ ಏರದೆಯೂ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ ತರುವ ಸ್ಥಿತಿ) ಆಗಬಹುದು. ಹಾಗಾಗಿ ಎರಡನೇ ಪ್ರಶ್ನೆಯ ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ವೈದ್ಯರಿಂದಲೇ ಬರೆಸಿಕೊಳ್ಳಬೇಕು.

ಇನ್ನು ಕಿಟ್. ಅದರಲ್ಲಿದ್ದದ್ದು 10 ಕೆ.ಜಿ. ಬಿಳಿ ಅಕ್ಕಿ, 4 ಕೆ.ಜಿ. ಒಣ ಕಾಳು, ಡಬ್ಬಿ ತರಕಾರಿ, ಸಕ್ಕರೆ ಪಾಕದ ಡಬ್ಬಿ ಹಣ್ಣು, ಕಡಲೆಕಾಯಿ ಬೀಜ, ಜ್ಯೂಸ್, ಬಿಸ್ಕತ್ತು, ಎಣ್ಣೆ. ಮೂವರ ಮನೆಯಲ್ಲಿ ದಿನಕ್ಕೆ ಅರ್ಧ ಕೆ.ಜಿ. ಅಕ್ಕಿ ಬೇಯುತ್ತಿತ್ತು, ಇಪ್ಪತ್ತನೇ ದಿನಕ್ಕೆ ಚೀಲ ಖಾಲಿ. ಕಾಳು ಮಾತ್ರ ಮೂಲೆಯಲ್ಲಿ ಹಾಗೇ ಉಳಿದಿತ್ತು, ಬೇಯಿಸಲು ಗ್ಯಾಸ್ ಹೆಚ್ಚು ಬೇಕೆಂಬ ಲೆಕ್ಕಕ್ಕೆ. ಅಕ್ಕಿಯನ್ನು ದಿನಕ್ಕೆ 330 ಗ್ರಾಂನಂತೆ ಅಳೆಯಲು ಹೇಳಿದೆವು. ಅದು ಬೆಂದಾಗ ಒಂದು ಕೆ.ಜಿ.ಯಷ್ಟು ಅನ್ನ: ಮೂವರಿಗೆ ಎರಡು ಹೊತ್ತು, ತಲೆಗೊಂದು ಕಪ್. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಊಟಕ್ಕೆ ಅವರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಉಳಿದ ಹಸಿವಿಗೆ ಕಾಳು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಎರಡು ದಿನದ್ದನ್ನು ಒಟ್ಟಿಗೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಗ್ಯಾಸೂ ಉಳಿಯುತ್ತದೆ. ರಾಜ್ಮಾ ಜಾತಿಯ ಕಾಳನ್ನು ಮಾತ್ರ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಸಣ್ಣ ಉರಿಯಲ್ಲಿ ಅರೆಬೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಮಾಡಿಸುತ್ತದೆ.

ಡಬ್ಬಿ ತರಕಾರಿಯ ಉಪ್ಪುನೀರು ಬಸಿದು, ಹರಿಯುವ ನೀರಿನಲ್ಲಿ ತೊಳೆದರೆ ಉಪ್ಪು ಸಾಕಷ್ಟು ಇಳಿಯುತ್ತದೆ. ಬಿಪಿ ಇರುವ ಇವರಿಗೆ ಅದೂ ಬೇಕಿತ್ತು. ಹಣ್ಣಿನ ಪಾಕವನ್ನೂ ಹಾಗೇ ಬಸಿಯಬೇಕು. ತಟ್ಟೆಯಲ್ಲಿ ಮೊದಲು ತರಕಾರಿ, ಕಾಳು, ಅನ್ನ ಕೊನೆಗೆ. ಇದಕ್ಕೆ ಖರ್ಚಿಲ್ಲ, ಊಟದ ನಂತರದ ಏರಿಕೆ ತಗ್ಗುತ್ತದೆ.

ಜ್ಯೂಸ್ ಎಸೆಯಬೇಕೇ ಎಂದು ಕೇಳಿದರು. ಬೇಡ. ಬಾಯಾರಿಕೆಗೆ ಕುಡಿಯುವುದು ಬೇಡ ಅಷ್ಟೇ, ಅದು ಇಳಿದ ಶುಗರಿಗೆ ಮದ್ದು. ತಿಂಗಳಿಗೆ ಸಿಗುವ 10 ಸ್ಟ್ರಿಪ್‌ಗಳನ್ನೂ ಹಂಚಿದೆವು: ಮೊದಲ ವಾರ ಮೂರು, ಕೊನೆಯ ವಾರ ಐದು, ಕೈ ನಡುಗಿದರೆ ಎಂದು ಎರಡು.

ಫುಡ್ ಬ್ಯಾಂಕಿನವರ ಜೊತೆಗೂ ಮಾತಾಡಿದೆವು, ಇವರ ಒಪ್ಪಿಗೆ ಪಡೆದೇ. ಬೇಡಿಕೆ ಸಣ್ಣದು: ಅದೇ ಕಿಟ್ಟನ್ನು ಎರಡು ಭಾಗ ಮಾಡಿ, ಮೊದಲ ವಾರ ಅರ್ಧ, ಹದಿನೆಂಟರ ಸುಮಾರಿಗೆ ಇನ್ನರ್ಧ. ಬಿಸ್ಕತ್ತಿನ ಬದಲು ಮೊಟ್ಟೆ ಅಥವಾ ಡಬ್ಬಿ ಮೀನು. ಸ್ವಯಂಸೇವಕರೊಬ್ಬರು ಉತ್ಸಾಹದಿಂದ "ಶುಗರ್‌ಫ್ರೀ ಬಿಸ್ಕತ್ತು ತರಿಸೋಣ" ಎಂದರು. ಅದರಲ್ಲೂ ಮೈದಾ ಇರುತ್ತದೆ, ಆ ದುಡ್ಡಿಗೆ ಮೊಟ್ಟೆಯೇ ಲೇಸು. "ಶುಗರ್ ಪೇಷಂಟ್ ಕಿಟ್" ಎಂದು ಚೀಟಿ ಅಂಟಿಸುವುದನ್ನೂ ಬೇಡವೆಂದೆವು. ಸಾಲಿನಲ್ಲಿ ಎಲ್ಲರೆದುರು ಅದನ್ನು ಹೊತ್ತೊಯ್ಯುವುದು ಅನೇಕರಿಗೆ ಹಿಂಸೆ.

ಮೂರು ತಿಂಗಳ ನಂತರ

ಮೂರನೇ ತಿಂಗಳ ಕೊನೆಯ ವಾರದಲ್ಲಿ 70ಕ್ಕಿಂತ ಕೆಳಗಿನ ರೀಡಿಂಗ್ ಒಂದೂ ಇಲ್ಲ. ಎಚ್‌ಬಿಎ1ಸಿ 8.9, ಅಂದರೆ ಇಳಿದದ್ದು ಅರ್ಧವೇ ಅಂಶ. ಚೀಟಿ ಕಳಿಸಿದವರಿಗೆ ಇದು ನಿರಾಸೆ ಎನಿಸಬಹುದು. ಅಮೆರಿಕದ ಮೂರು ಫುಡ್ ಬ್ಯಾಂಕ್‌ಗಳ ಆಶ್ರಯದಲ್ಲಿ 568 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಮಧುಮೇಹಕ್ಕೆ ಹೊಂದುವ ಆಹಾರ ಮತ್ತು ತಿಳಿವಳಿಕೆ ಕೊಟ್ಟಾಗ ಆಹಾರ ಭದ್ರತೆ ಸುಧಾರಿಸಿತು, ಹಣ್ಣು ತರಕಾರಿ ಹೆಚ್ಚಿತು, ಆರು ತಿಂಗಳಲ್ಲಿ ಎಚ್‌ಬಿಎ1ಸಿ ಮಾತ್ರ ಹೋಲಿಕೆಯ ಗುಂಪಿಗಿಂತ ಕಡಿಮೆಯಾಗಲಿಲ್ಲ. ಡೋಸ್ ಇಳಿಸಿಯೂ ಸರಾಸರಿ ಏರಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು.

ಶುಗರ್ ಇಳಿಸುವ ಅಪಾಯ ಕಡಿಮೆಯಿರುವ ಮಾತ್ರೆ ಇನ್ನೂ ಸಿಕ್ಕಿಲ್ಲ. ಕಣ್ಣು, ಪಾದಗಳ ಪರೀಕ್ಷೆ ಬಾಕಿಯಿದೆ. ಮುಂದಿನ ಕ್ಲಿನಿಕ್ ಭೇಟಿಯನ್ನು ತಿಂಗಳ ನಾಲ್ಕನೇ ವಾರಕ್ಕೆ ಗೊತ್ತುಮಾಡಲಾಗಿದೆ. ಆ ದಿನದ ಬಸ್ ಖರ್ಚನ್ನು ಸಂಬಳ ಬಂದ ದಿನವೇ ಬೇರೆ ಎತ್ತಿಡಲು ಒಪ್ಪಿದ್ದಾರೆ.