ಎರಡು ವರ್ಷ ತುಂಬದವರನ್ನು ಕೆಲಸದಿಂದ ತೆಗೆಯುವ ಮುನ್ನ

ಅಡುಗೆಮನೆಗೆ ಸೇರಿ ಐದು ತಿಂಗಳಾದ ಸಹಾಯಕಿ ಪದೇ ಪದೇ ತಡವಾಗಿ ಬರುತ್ತಿದ್ದಾರೆ, ಎರಡು ವರ್ಷ ತುಂಬುವ ತನಕ ಇಲ್ಲಿ ಯಾರನ್ನು ಬೇಕಾದರೂ ತೆಗೆಯಬಹುದಂತೆ, ಹೌದೇ ಎಂದು ಕೇಳಿದ್ದೀರಿ. ನಾನು ಇಂಗ್ಲೆಂಡಿಗೆ ಬಂದಾಗಲೂ ಇದೇ ಮಾತು ಓಡಾಡುತ್ತಿತ್ತು. ಆಗ ಅವಧಿ ಒಂದು ವರ್ಷ ಇತ್ತು, 2012ರ ಏಪ್ರಿಲಿನಲ್ಲಿ ಎರಡಾಯಿತು. 2027ರ ಜನವರಿ 1ರಿಂದ ಆರೇ ತಿಂಗಳು. ಅವಧಿ ಎಷ್ಟೇ ಇದ್ದರೂ ಅದು ತಡೆಯುವುದು ಅನ್ಯಾಯವಾಗಿ ಕೆಲಸದಿಂದ ತೆಗೆದರು ಎಂಬ ಸಾಮಾನ್ಯ 'ಅನ್‌ಫೇರ್ ಡಿಸ್ಮಿಸಲ್' ದೂರನ್ನು ಮಾತ್ರ.

ಗರ್ಭಿಣಿ ಎಂದು ತೆಗೆದರೆ, ಸುರಕ್ಷತೆಯ ಬಗ್ಗೆ ದನಿ ಎತ್ತಿದರೆಂದು ತೆಗೆದರೆ, ಕನಿಷ್ಠ ವೇತನ, ರಜೆ ಕೇಳಿದ್ದಕ್ಕೆ ತೆಗೆದರೆ ಮೊದಲ ದಿನದಿಂದಲೇ ದೂರು ಕೊಡಬಹುದು. 2010ರ ಈಕ್ವಾಲಿಟಿ ಆಕ್ಟ್ (ಸಮಾನತೆಯ ಕಾಯ್ದೆ) ಪ್ರಕಾರ ಜನಾಂಗ, ಧರ್ಮ, ವಯಸ್ಸು, ಲಿಂಗ, ಅಂಗವೈಕಲ್ಯದಂಥ ಒಂಬತ್ತು ಕಾರಣಗಳ ತಾರತಮ್ಯಕ್ಕೂ ಅಷ್ಟೇ, ಅಲ್ಲಿ ಪರಿಹಾರಕ್ಕೆ ಮೇಲ್ಮಿತಿಯೇ ಇಲ್ಲ. ಆದ್ದರಿಂದ ತಡವಾಗಿ ಬರುವುದಕ್ಕೆ ಕಾಯಿಲೆಯೇನಾದರೂ ಕಾರಣವೇ ಎಂದು ಮೊದಲು ಕೇಳಿ. ದೀರ್ಘಕಾಲದ ಖಿನ್ನತೆಯೂ ಕಾನೂನಿನ ಕಣ್ಣಿನಲ್ಲಿ ಅಂಗವೈಕಲ್ಯ ಆಗಬಹುದು. ಹೋದ ವಾರವಷ್ಟೇ ಆಕೆ ಪೇಸ್ಲಿಪ್ಪಿನಲ್ಲಿ ಗಂಟೆ ಕಡಿಮೆ ಬಂದಿದೆ ಎಂದು ಕೇಳಿದ್ದರೆ, ಈ ವಾರ ಕೊಟ್ಟ ವಜಾ ಪತ್ರವನ್ನು ಟ್ರಿಬ್ಯೂನಲ್ (ಉದ್ಯೋಗ ವ್ಯಾಜ್ಯಗಳ ನ್ಯಾಯಮಂಡಳಿ) ಆ ತಾರೀಖಿನ ಪಕ್ಕದಲ್ಲಿಟ್ಟೇ ಓದುತ್ತದೆ.

ನಮ್ಮವರು ಹೆಚ್ಚಾಗಿ ಎಡವುವುದು ದಾಕ್ಷಿಣ್ಯದಿಂದ. ಮುಖ ನೋಡಿ ಕಟುವಾಗಿ ಹೇಳುವುದು ಬೇಡವೆಂದು "ವ್ಯಾಪಾರ ಸ್ವಲ್ಪ ಕಡಿಮೆಯಮ್ಮ" ಅಂದುಬಿಡುತ್ತೇವೆ. ಮುಂದಿನ ವಾರ ಅದೇ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಟ್ರಿಬ್ಯೂನಲ್ ಮುಂದೆ "ನಿಜವಾದ ಕಾರಣ ತಡ" ಎಂದರೆ ಎರಡು ಕಾರಣಗಳಾದವು. ತಾರತಮ್ಯದ ಶಂಕೆಗೆ ತಕ್ಕ ಆಧಾರವನ್ನು ಆಕೆ ತೋರಿಸಿಬಿಟ್ಟರೆ, ಅದಲ್ಲ ಎಂದು ಸಾಬೀತು ಮಾಡುವ ಹೊರೆ ಮಾಲೀಕರ ತಲೆಗೇ ಬರುತ್ತದೆ. ಒಳ್ಳೆಯ ಮನಸ್ಸಿನವರು ಹೀಗೆ ನಯಕ್ಕೆ ಹೇಳಿದ ಸುಳ್ಳಿನಿಂದ ಗೆಲ್ಲಬಹುದಾದ ವ್ಯಾಜ್ಯ ಸೋಲುವುದು ನನಗೆ ಇಂದಿಗೂ ಸಂಕಟದ ವಿಷಯ. "ನೀವೇ ರಾಜೀನಾಮೆ ಕೊಟ್ಟುಬಿಡಿ, ಇಲ್ಲದಿದ್ದರೆ ನಾವೇ ತೆಗೆಯಬೇಕಾಗುತ್ತದೆ" ಎನ್ನುವ ನಮ್ಮೂರಿನ ಉಪಾಯವೂ ಇಲ್ಲಿ ನಡೆಯದು. ಹಾಗೆ ಬರೆಸಿಕೊಂಡ ರಾಜೀನಾಮೆಯನ್ನು ವಜಾ ಎಂದೇ ಎಣಿಸುತ್ತಾರೆ.

ನೀವು ಮಾಡಬೇಕಾದದ್ದು ಬರೆದಿಡುವುದು. "ಯಾವಾಗಲೂ ಲೇಟು" ಎಂದಲ್ಲ, "ಮಾರ್ಚ್ 3, ಪಾಳಿ 7ಕ್ಕೆ, ಬಂದದ್ದು 7.40ಕ್ಕೆ, ಬಸ್ ತಪ್ಪಿತು ಎಂದರು" ಎಂದು, ಅದೇ ದಿನ. ಆಮೇಲೆ ಕರೆದು ಮಾತಾಡಿ, ತಿದ್ದಿಕೊಳ್ಳಲು ನಾಲ್ಕೈದು ವಾರ ಕೊಡಿ, ಆಡಿದ ಮಾತನ್ನು ಅಂದೇ ಇಮೇಲಿನಲ್ಲಿ ಕಳಿಸಿ. ತಿದ್ದಿಕೊಳ್ಳದಿದ್ದರೆ ಸಭೆಗೆ ಲಿಖಿತವಾಗಿ ಕರೆಯಿರಿ, ಜೊತೆಗೆ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಕರೆತರಬಹುದು ಎಂದು ತಿಳಿಸಿ. ಒಂದೇ ಕಾರಣ, ನಿಜವಾದದ್ದು, ಪತ್ರದಲ್ಲಿ ಇರಲಿ. ಮೇಲ್ಮನವಿಗೂ ಅವಕಾಶ ಕೊಡಿ. ವಾಟ್ಸ್ಯಾಪಿನಲ್ಲಿ ಮಾತ್ರ ತೆಗೆಯಬೇಡಿ.

ತಿಂಗಳು ತುಂಬಿದವರಿಗೆ ಕನಿಷ್ಠ ಒಂದು ವಾರದ ನೋಟಿಸ್ ಕೊಡಬೇಕು. ಒಪ್ಪಂದದಲ್ಲಿ ಹೆಚ್ಚಿದ್ದರೆ ಅಷ್ಟು. ಇಲ್ಲೊಂದು ಗುಂಡಿ ಇದೆ. ಮೊದಲು ಹೇಳಿದ ಸೇವೆಯ ಅವಧಿ ತುಂಬಲು ನಾಲ್ಕು ದಿನ ಇರುವಾಗ ನೋಟಿಸ್ ಇಲ್ಲದೆ ಕಳಿಸಿದರೆ, ಆ ಕಾನೂನುಬದ್ಧ ವಾರವನ್ನೂ ಸೇವೆಗೆ ಸೇರಿಸಿ ಲೆಕ್ಕ ಹಾಕುತ್ತಾರೆ, ಅವಧಿ ತುಂಬಿಬಿಡುತ್ತದೆ. ಗಂಭೀರ ದುರ್ನಡತೆ ನಿಜಕ್ಕೂ ಇದ್ದರೆ ಮಾತ್ರ ಇದು ಅನ್ವಯಿಸದು. ಹಾಗಾಗಿ ಕೊನೆಯ ವಾರದ ತನಕ ಎಳೆಯಬೇಡಿ. ಬಳಸದ ರಜೆಯ ಹಣವನ್ನು ಕೊನೆಯ ಸಂಬಳದ ಜೊತೆ ಕೊಡಿ.

ಆಕೆಗೆ ವೀಸಾ ಸ್ಪಾನ್ಸರ್ ಮಾಡಿದ್ದು ನೀವೇ ಆಗಿದ್ದರೆ, ಕೆಲಸ ಮುಗಿದ 10 ಕೆಲಸದ ದಿನಗಳೊಳಗೆ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸಿಗೆ ವರದಿ ಮಾಡಬೇಕು. ಸಾಮಾನ್ಯವಾಗಿ ಆಕೆಗೆ ಬೇರೆ ದಾರಿ ಹುಡುಕಿಕೊಳ್ಳಲು ಸಿಗುವುದು 60 ದಿನ. ಮನೆಮಠ ಬಿಟ್ಟು ಬಂದವರಿಗೆ ಆ ದಿನಗಳು ಎಂಥವು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ಪಾನ್ಸರ್ ಮಾಡುವ ಮಾಲೀಕರು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜನ್ನು ಆಕೆಯ ಸಂಬಳದಲ್ಲಿ ಮುರಿದುಕೊಳ್ಳುವ ಹಾಗೂ ಇಲ್ಲ.

ಪತ್ರ ಕೊಡುವ ಮೊದಲು ಕೆಲಸದ ಹಕ್ಕು, ವ್ಯಾಜ್ಯಗಳ ಬಗ್ಗೆ ಸಲಹೆ ಕೊಡುವ ಸಾರ್ವಜನಿಕ ಸಂಸ್ಥೆ ಏಕಾಸ್ (Acas) ಸಹಾಯವಾಣಿಗೆ ಒಂದು ಫೋನ್ ಮಾಡಿ. ಮಾಲೀಕರಿಗೂ ಸಲಹೆ ಉಚಿತವೇ.