‘ಸ್ಮಿಟನ್’ ಎಂದರೆ ಪ್ರೀತಿಯೇ?

ಗೆಳತಿ ಕಳುಹಿಸಿದ ‘ಐ ಆ್ಯಮ್ ಸ್ಮಿಟನ್’ ಎಂಬ ಸಂದೇಶವನ್ನು ಪ್ರೀತಿಯೆಂದೇ ತಿಳಿಯಬಹುದೇ, ಅದರ ಮುಂದೆ ‘ವಿತ್’ ಬರಬೇಕೋ ‘ಬೈ’ ಬರಬೇಕೋ ಎಂದು ಕೇಳಿದ್ದೀರಿ. ಪ್ರೀತಿಯೇ, ಆದರೆ ಅದರ ಮೊದಲ ಅಮಲು. ಮನಸೋಲುವುದು, ಮರುಳಾಗುವುದು ಎನ್ನುತ್ತೇವಲ್ಲ, ಅದು. ಬಾಳಸಂಗಾತಿಯಾಗುವ ಮಾತು ಈ ಪದದಲ್ಲಿ ಇಲ್ಲ.

ಮೂಲ ಕ್ರಿಯಾಪದ ‘ಸ್ಮೈಟ್’, ಅಂದರೆ ಬಲವಾಗಿ ಹೊಡೆಯುವುದು. ಹೊಡೆತ ತಿಂದವರು ಸ್ಮಿಟನ್. ಹಾಗಾಗಿ ಪ್ರೀತಿಯ ಅರ್ಥ ಬೇಕಿದ್ದರೆ ಈ ರೂಪವನ್ನೇ ಬಳಸಬೇಕು. ಸ್ಮೈಟ್ ಪದದ ಭೂತಕಾಲ ‘ಸ್ಮೋಟ್’ ಬಳಸಿ ‘ಶೀ ಸ್ಮೋಟ್ ಹಿಮ್’ ಎಂದು ಬರೆದಿರೋ, ಅವಳು ಅವನಿಗೆ ಬಾರಿಸಿದಳು ಎಂದಾಗುತ್ತದೆ!

ವಿತ್, ಬೈ ಎರಡೂ ಸರಿ. ‘ಫಾರ್’ ಮಾತ್ರ ಬೇಡ. ವ್ಯಕ್ತಿಯನ್ನು ಹೇಳುವಾಗ ‘ಸ್ಮಿಟನ್ ವಿತ್ ಹಿಮ್’, ಮರುಳು ಮಾಡಿದ್ದನ್ನು ಹೇಳುವಾಗ ‘ಸ್ಮಿಟನ್ ಬೈ ಹಿಸ್ ಸ್ಮೈಲ್’ ಎಂದು ಬರೆಯುವುದು ನನ್ನ ರೂಢಿ, ನಿಯಮವೇನಲ್ಲ. ‘ಇನ್‌ಫ್ಯಾಚುಯೇಟೆಡ್’ ಎಂಬ ಹತ್ತಿರದ ಅರ್ಥದ ಪದದಲ್ಲಿ ವಿವೇಕ ಕಳೆದುಕೊಂಡ ಆಕ್ಷೇಪ ಇಣುಕುತ್ತದೆ, ಸ್ಮಿಟನ್‌ನಲ್ಲಿ ತುಂಟತನವೇ ಹೆಚ್ಚು.

ಇನ್ನೊಂದು ಮಾತು. ನಾಯಿಮರಿ, ಹೊಸ ಮನೆ, ಹಳೆಯ ಕಾರಿಗೂ ಜನ ಸ್ಮಿಟನ್ ಆಗುತ್ತಾರೆ. ಉತ್ತರಿಸುವ ಮುನ್ನ ಆ ಸಂದೇಶದ ಹಿಂದುಮುಂದನ್ನು ಇನ್ನೊಮ್ಮೆ ಓದಿಕೊಳ್ಳಿ.